ಎಂಬತ್ತು ಸಾವಿರದಲ್ಲಿ ನೋಡಿದವರೆಷ್ಟು?

ನೇರಪ್ರಸಾರ ಶುರುವಾಗಿ ಎಷ್ಟೋ ಹೊತ್ತಾದರೂ ಪರದೆಯ ಮೂಲೆಯಲ್ಲಿದ್ದ ಅಂಕಿ ಹದಿನಾಲ್ಕರಿಂದ ಮೇಲೇಳಲಿಲ್ಲ.

ಅಂಟಕ್ಕನ ಕೈಯಲ್ಲಿ ಪಿಂಗಾಣಿ ಚೂರು ಹಾಗೇ ನಿಂತಿತು. ಒಡೆದ ಕಪ್, ಹೂಜಿ, ತಟ್ಟೆಗಳನ್ನು ಅಂಟು ಹಾಕಿ ಜೋಡಿಸುವುದನ್ನು ಕಲಿಸುವ ಅವಳ ಚಾನೆಲ್‌ಗೆ ಎಂಬತ್ತು ಸಾವಿರ ಚಂದಾದಾರರು. ಇವತ್ತು ಬಂದವರು ಹದಿನಾಲ್ಕೇ ಜನ! ಉಳಿದವರು ಎಲ್ಲಿ ಹೋದರು?

ಮಧ್ಯಾಹ್ನ ವಿಡಿಯೊ ಕಂಪನಿಯಿಂದ ಸಂದೇಶ ಬಂತು — ನಿಮ್ಮ ಚಂದಾದಾರರಲ್ಲಿ ಬಹುಪಾಲು ನಕಲಿ. ವಾರದೊಳಗೆ ವಿವರಣೆ ಕೊಡದಿದ್ದರೆ ಚಾನೆಲ್ ಮುಚ್ಚಲಾಗುವುದು.

ಅಂಟಕ್ಕನಿಗೆ ತಲೆಬುಡ ತಿಳಿಯಲಿಲ್ಲ. ನಾದಿನಿಗೆ ಫೋನ್ ಮಾಡಿದಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚುವುದೇ ನಾದಿನಿಯ ಕೆಲಸ. ಅವಳು ಬಂದವಳೇ ಅಂಟಿನ ಟ್ಯೂಬುಗಳನ್ನು ಬದಿಗೆ ಸರಿಸಿ ಕಂಪ್ಯೂಟರಿನ ಮುಂದೆ ಕೂತಳು.

"ಅತ್ತಿಗೆ, ಎಷ್ಟು ಜನ ಸೇರಿದ್ದಾರೆ ಅನ್ನೋದು ಬಿಡಿ. ಎಷ್ಟು ಹೊತ್ತು ನೋಡ್ತಾರೆ? ನೋಡಿ ಏನಾದ್ರೂ ಕೇಳ್ತಾರಾ? ಮತ್ತೆ ಬರ್ತಾರಾ? — ಅದು ಲೆಕ್ಕ. ಮೊದಲು ನಿಮಗಿದ್ದವರು ಒಂಬೈನೂರು ಚಿಲ್ಲರೆ. ಪಾಪ, ಕೊನೇವರೆಗೂ ನೋಡ್ತಿದ್ರು. ಹೂಜಿಯ ವಿಡಿಯೊ ಹಾಕಿದ ವಾರ ಇಷ್ಟೂ ಜನ ಒಟ್ಟಿಗೆ ಬಂದು ಬಿದ್ದಿದ್ದಾರೆ. ಹೆಸರು ಕೊಟ್ಟರು — ಮಾಯ!"

"ಮತ್ತೆ ವಿಡಿಯೊ ಕೆಳಗೆ ಅಷ್ಟೊಂದು ಹೊಗಳಿ ಬರೆದವರು?"

"ಬಾಡಿಗೆಯವರು."

ಅಂಟಕ್ಕನ ಮುಖ ಇಳಿದುಹೋಯಿತು. ಆ ಹೊಗಳಿಕೆಗಳಲ್ಲೊಂದು ಅವಳಿಗೆ ಬಾಯಿಪಾಠವಾಗಿತ್ತು — 'ಹೂಜಿಯ ಹಿಡಿಕೆ ಕಳಚಿ ಬಿದ್ದಾಗ ನೀವು ನಕ್ಕಿರಲ್ಲ, ಆ ನಗು ಇಡೀ ದಿನ ಕಣ್ಮುಂದೆ ಇತ್ತು.' ಅದೂ ಸುಳ್ಳೇ?

ನಾದಿನಿ ಮೊದಲು ವಿಡಿಯೊ ಸಂಕಲನ ಮಾಡುವ ಅಂಟಕ್ಕನ ತಮ್ಮನನ್ನು ಹಿಡಿದಳು. "ಚಾನೆಲ್‌ನ ಪಾಸ್‌ವರ್ಡ್ ನಿಮ್ಮ ಹತ್ರಾನೂ ಇದೆ ಅಲ್ವಾ?"

"ನಕಲಿ ಜನ ತುಂಬೋಕೆ ಪಾಸ್‌ವರ್ಡ್ ಯಾಕೆ ಬೇಕು? ಯಾರು ಬೇಕಾದ್ರೂ ತುಂಬಬಹುದು. ಅಕ್ಕನ ಕುತ್ತಿಗೆಗೆ ನಾನು ತರ್ತೀನಾ? ಚಾನೆಲ್ ಮುಚ್ಚಿದ್ರೆ ಲಾಭ ಆ ಗಾಜಿನಣ್ಣನಿಗೆ, ಅವನನ್ನ ಕೇಳಿ!"

ಗಾಜಿನಣ್ಣ — ಒಡೆದ ಗಾಜು ಜೋಡಿಸುವ ಎದುರಾಳಿ ಚಾನೆಲ್‌ನವನು. ಫೋನಿನಲ್ಲೇ ಹೌಹಾರಿದ. "ನಾನಾ? ಆ ಎಂಬತ್ತು ಸಾವಿರ ನೋಡಿ ಹೊಟ್ಟೆ ಉರ್ಕೊಂಡಿದ್ದು ನಿಜ ತಾಯಿ. ನನ್ನ ಹೊಟ್ಟೆಗೆ ನಾನೇ ಬೆಂಕಿ ಇಟ್ಕೋತೀನಾ?"

ಅವನ ಮಾತೂ ಸರಿಯೇ! ಅಂಟಕ್ಕ ಇನ್ನಷ್ಟು ಗೊಂದಲಕ್ಕೆ ಬಿದ್ದಳು. ಗಂಡ ಮಾತ್ರ ಮೂಲೆಯಲ್ಲಿ ಕ್ಯಾಮೆರಾದ ಲೆನ್ಸ್ ಒರೆಸುತ್ತ ನಿಂತಿದ್ದ.

ನಾದಿನಿ ಹೂಜಿಯ ವಿಡಿಯೊವನ್ನು ಮೊದಲಿಂದ ಕೊನೆಯವರೆಗೆ ಹಾಕಿ ನೋಡಿದಳು. ಮತ್ತೊಮ್ಮೆ ಹಾಕಿದಳು.

"ಅತ್ತಿಗೆ, ಹಿಡಿಕೆ ಬಿದ್ದಿದ್ದು ಎಲ್ಲಿ?"

"ಇದರಲ್ಲೇ —" ಅಂಟಕ್ಕ ತಡವರಿಸಿದಳು. ಪರದೆಯಲ್ಲಿ ಹಿಡಿಕೆ ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ಕೂತಿತ್ತು.

"ಆ ತುಣುಕು ಕತ್ತರಿಸಿಬಿಟ್ಟೆ. ಅಕ್ಕ ನಗೋದು ನಿಲ್ಲಿಸಲೇ ಇಲ್ಲ," ಎಂದ ತಮ್ಮ.

ನಾದಿನಿ ಕುರ್ಚಿ ತಿರುಗಿಸಿದಳು. "ಅಂದ್ರೆ ಆ ನಗು ಹೊರಗಿನವರು ಯಾರೂ ನೋಡೇ ಇಲ್ಲ. ಮತ್ತೆ ಮೆಚ್ಚಿದ್ದು ಯಾರು? ಗಾಜಿನಣ್ಣ ಈ ಕೋಣೆಗೆ ಕಾಲಿಟ್ಟವರಲ್ಲ. ನಿಮ್ಮ ತಮ್ಮನೋ, ಕತ್ತರಿಸಿದವರು ಅವರೇ. ಅದು ವಿಡಿಯೊದಲ್ಲಿದೆ ಅಂದ್ಕೊಂಡು ಬರೆಯೋಕೆ ಸಾಧ್ಯಾನಾ? ಚಿತ್ರೀಕರಣದ ದಿನ ಇಲ್ಲೇ ಇದ್ದು, ಆಮೇಲೆ ವಿಡಿಯೊ ನೋಡದೇ ಇದ್ದವರೇ ಬರೆಸಿರಬೇಕು. ಇಲ್ಲಿದ್ದವನು ಇನ್ನೊಬ್ಬನೇ." ಅವಳ ದನಿ ತಗ್ಗಿತು. "ಅಣ್ಣಾ, ಕ್ಯಾಮೆರಾ ಹಿಡಿದಿದ್ದು ನೀನಲ್ವಾ?"

ಲೆನ್ಸ್ ಒರೆಸುತ್ತಿದ್ದ ಕೈ ನಿಂತಿತು.

"ಯಾರೂ ನೋಡಲ್ಲ, ಬಿಟ್ಟುಬಿಡ್ತೀನಿ ಅಂತ ಅತ್ತಿದ್ದೆಯಲ್ಲ ನೀನು," ಎಂದ ಅವನು, ಹೆಂಡತಿಯ ಮುಖ ನೋಡದೆ. "ದುಡ್ಡು ಕೊಟ್ರೆ ಜನ ಸೇರಿಸಿಕೊಡ್ತೀವಿ ಅಂತ ಯಾರೋ ಅಂದ್ರು. ಇಷ್ಟು ರಾಶಿ ಬರ್ತಾರೆ ಅಂತ ನನಗೇನು ಗೊತ್ತು? ಹೊಗಳಿಕೆಯನ್ನೆಲ್ಲ ಅವರೇ ಬರ್ಕೊಂಡ್ರು. ಹೂಜಿಯದ್ದು ಮಾತ್ರ ನಾನು ಹೇಳಿ ಬರೆಸಿದ್ದು."

"ನನ್ನ ಒಂದು ವಿಡಿಯೊನಾದ್ರೂ ನೋಡಿದೀರಾ?"

"ಇಲ್ಲ."

"ಒಂದೂ?"

"ಎದುರಿಗೇ ನಿಂತು ನೋಡಿರ್ತೀನಲ್ಲ. ಮತ್ತೆ ಫೋನಲ್ಲಿ ಯಾಕೆ ನೋಡ್ಲಿ?"

ಅಂಟಕ್ಕನಿಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅಳು ಬಂತು. ಎರಡನ್ನೂ ಮಾಡದೆ ಕಂಪನಿಗೆ ನಡೆದದ್ದನ್ನು ನಡೆದಂತೆ ಬರೆದಳು — ನಕಲಿಯವರನ್ನು ಅವರ ಮಾತುಗಳ ಸಮೇತ ತೆಗೆದುಹಾಕಿ, ನಿಜವಾಗಿ ನೋಡುವವರನ್ನು ನನಗೆ ಬಿಡಿ.

ಚಾನೆಲ್ ಉಳಿಯಿತು. ಅಂಕಿ ಮತ್ತೆ ಒಂಬೈನೂರು ಚಿಲ್ಲರೆಗೆ ಇಳಿದ ದಿನ ಗಂಡ ಪರದೆಯನ್ನೇ ದಿಟ್ಟಿಸಿ, "ನಾನು ಬರೆಸಿದ್ದೂ ಹೋಯ್ತಾ?" ಎಂದು ಕೇಳಿದ.

"ಹೋಯ್ತು. ಅದರಲ್ಲಿ ಬರೆಸಿದ್ದನ್ನ ಈಗ ನೀವೇ ಬಾಯಿಬಿಟ್ಟು ಹೇಳಿ," ಎಂದಳು ಅಂಟಕ್ಕ. ಗದರಿದೆನೋ, ಬೇಡಿಕೊಂಡೆನೋ — ಅವಳಿಗೇ ತಿಳಿಯಲಿಲ್ಲ.