ರೋಮನ್ ಗೋಡೆಯ ಪಕ್ಕದ ಭರಣಿ

"ಆ ಸರಳನ್ನ ಅಲ್ಲೇ ಬಿಡಿ. ಇನ್ನೊಂದು ಸಲ ನೆಲಕ್ಕೆ ಚುಚ್ಚಿದ್ರೆ ಪೊಲೀಸರನ್ನ ಕರೀತೀನಿ."

ಅಗೆತದ ಗುಂಡಿಯಿಂದ ಮೇಲೆದ್ದ ಪುರಾತತ್ವಜ್ಞೆ ದುನ್ಯಾಳ ಮೂಗಿನ ಮೇಲೆ ಮಣ್ಣು, ಕಣ್ಣಲ್ಲಿ ಕೆಂಡ. ಎದುರಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಎತ್ತರದ ಗಂಡಸೊಬ್ಬ ಉದ್ದನೆಯ ಕಬ್ಬಿಣದ ಸರಳು ಹಿಡಿದು ನಿಂತಿದ್ದ.

"ಇದು ನಮ್ಮ ಹೊಲ," ಎಂದ ಮೆಲ್ಲಗೆ.

"ಆಗಿತ್ತು. ಈಗ ಹೆದ್ದಾರಿಯವರದ್ದು. ಅವರು ಡಾಂಬರು ಹಾಕೋ ತನಕ ಅಗೆಯೋ ಕೆಲಸ ನಮ್ಮದು. ನೀವು ಚುಚ್ತಾ ಇರೋದು ರೋಮನ್ನರ ಸ್ನಾನದ ಮನೆಗೆ. ಏನು ಹುಡುಕ್ತಿದ್ದೀರಿ? ನಾಣ್ಯವಾ?"

ಆತ ಕಿವಿಯವರೆಗೂ ಕೆಂಪಾದ. "ಅದು... ಹೇಳೋಕಾಗಲ್ಲ."

ಕಳ್ಳನೇ ಸರಿ, ಎಂದುಕೊಂಡಳು ದುನ್ಯಾ. ಇಷ್ಟು ಚಂದದ ಕಣ್ಣಿಟ್ಟುಕೊಂಡು ಕಳ್ಳತನ... ತನ್ನ ಯೋಚನೆಗೆ ತನಗೇ ಸಿಟ್ಟು ಬಂದು ನಿಜವಾಗಿಯೂ ಫೋನ್ ಮಾಡಿದಳು.

ಪಿರೋಟ್ ಪಟ್ಟಣದಿಂದ ಬಂದ ಪೊಲೀಸಿನವನು ಜೀಪಿಳಿದವನೇ ಟೋಪಿ ತೆಗೆದ.

"ಗುರುಗಳೇ, ನೀವಾ?"

ಆತ ರಾದೋಶ್, ಪಟ್ಟಣದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಸುತ್ತಮುತ್ತ ಕ್ಲಚ್ ತುಳಿಯಬಲ್ಲವರೆಲ್ಲ ಅವನ ಶಿಷ್ಯರೇ.

"ಇವರು ಕಳ್ಳರಲ್ಲ ಮೇಡಂ. ಖಾಲಿ ರಸ್ತೇಲೂ ಇಂಡಿಕೇಟರ್ ಹಾಕೋ ಮನುಷ್ಯ," ಎಂದ ಪೊಲೀಸಿನವನು.

"ಹಾಗಾದ್ರೆ ಏನು ಹುಡುಕ್ತಿದ್ದಾರೆ ಅಂತ ಹೇಳ್ಲಿ."

ರಾದೋಶ್ ಸರಳನ್ನು ಹೆಗಲಿಗೇರಿಸಿ ಹೊರಟುಹೋದ.

ಮುಂದಿನ ವಾರ ಸ್ನಾನದ ಮನೆಯ ಗೋಡೆಯ ಪಕ್ಕದಲ್ಲಿ ದುನ್ಯಾಳ ಬ್ರಷ್ಷಿಗೆ ಹಸಿರು ಗಾಜು ತಗುಲಿತು. ಒಡೆಯದ ಗಾಜು! ನಿಶ್ ನಗರದ ಮ್ಯೂಸಿಯಂ ನಿರ್ದೇಶಕರಿಗೆ ಫೋನ್ ಹೋಯಿತು. ಅವರು ಊಟ ಬಿಟ್ಟು ಓಡಿಬಂದರು. ಸಂಜೆಯವರೆಗೂ ಅವಳು ಕೂಸಿನ ಮೈ ಒರೆಸುವಂತೆ ಮಣ್ಣು ಒರೆಸಿದಳು. ದೊಡ್ಡದೊಂದು ಭರಣಿಯ ಹೆಗಲು ಕಾಣಿಸಿತು. ಒಳಗೆ ಏನೋ ತುಳುಕಿತು.

"ರೋಮನ್ನರ ವೈನ್..." ದುನ್ಯಾಳ ಕಣ್ಣು ತುಂಬಿ ಬಂತು.

ಜೆಸಿಬಿ ಓಡಿಸುವ ಮಿಲೋಯೆ ಬಗ್ಗಿ, ಭರಣಿಯ ಬಿರಡೆ ಮೂಸಿದ.

"ವೈನ್ ಅಲ್ಲ ತಾಯಿ. ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ. ಮನೇಲಿ ಕಾಯಿಸಿದ್ದು."

ಬಿರಡೆಯ ಮೇಲಿನ ಮೇಣದಲ್ಲಿ ಮೊಳೆಯಿಂದ ಗೀಚಿದ ಹೆಸರಿತ್ತು: ರಾದೋಶ್.

ಆ ಸೀಮೆಯ ವಾಡಿಕೆಯಂತೆ ಮಗ ಹುಟ್ಟಿದಾಗ ಅಪ್ಪ ಹೂಳುವ ರಾಕಿಯಾ. ಅದನ್ನು ತೆಗೆಯುವುದು ಮಗನ ಮದುವೆಯ ದಿನ. ನಿರ್ದೇಶಕರು ಗೋಡೆಯ ಮೇಲೆ ಕುಸಿದು ಕುಳಿತು ನಕ್ಕರು. ದುನ್ಯಾಳಿಗೆ ನಗು ಬರಲಿಲ್ಲ.

ಭರಣಿಯನ್ನು ಅಪ್ಪಿಕೊಂಡು ಅವಳು ರಾದೋಶ್‌ನ ಮನೆಗೆ ಹೋದಾಗ ಬಾಗಿಲು ತೆಗೆದವರು ಅವನ ತಾಯಿ ಸ್ತಾನೋಯ್ಕಾ.

"ನನ್ನ ಮಗನ್ನ ಪೊಲೀಸಿಗೆ ಕೊಟ್ಟವಳು ನೀನೇನಾ? ಎಷ್ಟು ಸೊರಗಿದ್ದೀಯ. ಬಾ, ಮೊದಲು ಊಟ ಮಾಡು."

ಮೇಜಿನ ಮೇಲಿಟ್ಟ ಭರಣಿಯನ್ನು ರಾದೋಶ್ ಬಹಳ ಹೊತ್ತು ಮುಟ್ಟಲಿಲ್ಲ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದಳು ದುನ್ಯಾ.

"ಹೇಗೆ ಹೇಳಲಿ? ನಲವತ್ತು ಹತ್ತಿರ ಬಂತು, ಹುಡುಗಿ ಗೊತ್ತಾಗಿಲ್ಲ. ಮದುವೆ ರಾಕಿಯಾ ಹುಡುಕ್ತಿದ್ದೀನಿ ಅಂತ, ಅದೂ ನಿಮ್ಮಂಥವರ ಮುಂದೆ..." ಅವನು ಮೇಣದ ಮೇಲಿನ ಸೊಟ್ಟ ಅಕ್ಷರಗಳನ್ನು ಸವರಿದ. "ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೀತು. ಮಾತು ನಿಂತುಹೋಯ್ತು. ಸಾಯೋ ತನಕ ಕಿಟಕಿಯಿಂದ ಆ ಹೊಲದ ಕಡೆಗೇ ಕೈ ತೋರಿಸ್ತಿದ್ರು. ಎಲ್ಲಿ ಅಂತ ಮಾತ್ರ ಗೊತ್ತಾಗ್ಲಿಲ್ಲ. ಇನ್ನು ರಸ್ತೆ ಬಂದುಬಿಟ್ರೆ..."

ದುನ್ಯಾ ತನ್ನನ್ನೇ ಬೈದುಕೊಂಡಳು. ಇವನನ್ನಾ ನಾನು ಕಳ್ಳ ಅಂದದ್ದು?

ಅಂದಿನಿಂದ ಅಮ್ಮ ಮಾಡಿದ ಗಿಬಾನಿತ್ಸಾ ಎಂಬ ಚೀಸ್ ಪದರದ ತಿನಿಸು ಹಿಡಿದು ರಾದೋಶ್ ದಿನವೂ ಗುಂಡಿಯ ಬಳಿ ಬರತೊಡಗಿದ. ಬಿಸಿಬಿಸಿ ತಟ್ಟೆಗಿಂತ ಅವನು ಬರುವ ದಾರಿಯನ್ನೇ ದುನ್ಯಾ ಹೆಚ್ಚು ಕಾಯುತ್ತಿದ್ದಳು.

ಆದರೆ ಮಿಲೋಯೆಯ ಬಾಯಿ ಸುಮ್ಮನಿರಬೇಕಲ್ಲ. "ಬೇಗ ಇವರನ್ನ ಮದುವೆ ಆಗ್ಬಿಡಿ ಮೇಷ್ಟ್ರೇ. ನಮ್ಮ ಗಂಟಲು ಒಣಗ್ತಿದೆ."

ರಾದೋಶ್ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಇವನು ಬರುವುದು ನನಗಾಗಿಯೋ, ಊರವರ ಒತ್ತಾಯಕ್ಕೋ, ಎಂದು ದುನ್ಯಾಳಿಗೆ ಅನುಮಾನವಾಯಿತು. ಒಂದು ಮಧ್ಯಾಹ್ನ ಅವಳು ಸಿಡುಕಿಬಿಟ್ಟಳು.

"ಭರಣಿ ಸಿಕ್ತು ಅಂತ ಅವಸರದಲ್ಲಿ ಹೆಣ್ಣು ಹುಡುಕಬೇಡಿ."

ಅವನು ತಟ್ಟೆ ಇಟ್ಟು ಹೋದವನು ಮತ್ತೆ ಬರಲಿಲ್ಲ. ದುನ್ಯಾ ದಿನವೂ ರಸ್ತೆಯ ಕಡೆ ನೋಡಿದಳು. ಮಿಲೋಯೆ ಕೂಡ ಮಂಕಾದ.

ಅಗೆತದ ಕೊನೆಯ ದಿನ, ಡಾಂಬರಿನ ಲಾರಿಗಳು ಆಗಲೇ ಸಾಲುಗಟ್ಟಿದ್ದಾಗ, ಡ್ರೈವಿಂಗ್ ಸ್ಕೂಲಿನ ಕಾರು ಇಂಡಿಕೇಟರ್ ಹಾಕಿಕೊಂಡು ಹೊಲದೊಳಗೆ ತಿರುಗಿತು. ರಾದೋಶ್ ಭರಣಿ ಹಿಡಿದು ಇಳಿದ. ಹಿಂದೆ ಸ್ತಾನೋಯ್ಕಾ, ಮುಖ ಊದಿಸಿಕೊಂಡು, ಗ್ಲಾಸುಗಳೊಂದಿಗೆ.

"ಇವತ್ತು ಇದನ್ನ ತೆಗೀತೀನಿ. ಎಲ್ಲರೂ ಕುಡೀರಿ."

"ಮದುವೆ ಇಲ್ಲದೇನೇ?" ಮಿಲೋಯೆ ಆಗಲೇ ಗ್ಲಾಸು ಹಿಡಿದಿದ್ದ.

"ಇಲ್ಲದೇನೇ. ಇದು ಖಾಲಿ ಆದ್ಮೇಲೆ ದುನ್ಯಾ ಅವರನ್ನ ಒಂದು ಮಾತು ಕೇಳೋದಿದೆ. ಭರಣಿಗೋಸ್ಕರ ಕೇಳ್ದೆ ಅಂತ ಅವರಿಗೆ ಅನ್ನಿಸಬಾರದು."

ಅವನು ಚಾಕುವನ್ನು ಮೇಣಕ್ಕೆ ತಾಗಿಸಿದ. ಅಪ್ಪ ಗೀಚಿದ ಅಕ್ಷರಗಳನ್ನು ತಪ್ಪಿಸಿ ಅವನು ಚಾಕು ಸರಿಸುವುದನ್ನು ದುನ್ಯಾ ಕಂಡಳು. ಗುಂಡಿಯಿಂದ ಹತ್ತಿಬಂದು ತನ್ನ ಮಣ್ಣಿನ ಅಂಗೈಯನ್ನು ಬಿರಡೆಯ ಮೇಲಿಟ್ಟಳು.

"ತೆಗೀಬೇಡಿ."

"ಯಾಕೆ?"

"ಮದುವೆಗೆ ಬೇಕಾಗುತ್ತೆ."

"ಯಾರ ಮದುವೆಗೆ?"

"ನಿಮ್ಮ ಹೆಸರಂತೂ ಮೇಲಿದೆ. ಪಕ್ಕದಲ್ಲಿ ನನ್ನದು ಗೀಚೋಕೆ ಜಾಗ ಇದೆಯಾ ನೋಡಿ."

ರಾದೋಶ್ ಚಾಕು ಕೆಳಗಿಟ್ಟ. ಮಿಲೋಯೆ ಖಾಲಿ ಗ್ಲಾಸನ್ನೇ ನೋಡಿದ. "ಅಂದ್ರೆ... ಇನ್ನೂ ಕಾಯ್ಬೇಕಾ?"

"ಬಾಯ್ಮುಚ್ಚೋ," ಎನ್ನುತ್ತ ಸ್ತಾನೋಯ್ಕಾ ಸೆರಗಿನಷ್ಟು ದೊಡ್ಡ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು.

"ದುನ್ಯಾ, ನೀವು..."

"ನೀವು ಅಲ್ಲ."

"ನೀನು..."

"ಹ್ಞೂ. ಈಗ ಕೇಳು."

"ಕೇಳೋಕೆ ಇನ್ನೇನು ಉಳಿದಿದೆ?"

"ಆದ್ರೂ ಕೇಳು. ನಿನ್ನ ಬಾಯಲ್ಲಿ ಕೇಳಿಸ್ಕೋಬೇಕು ನಾನು."