ಕೋಟೆಯಲ್ಲಿ ಮೋಟು ಕೊಳಲು

ಎಲ್ಲರೂ ಯಜಮಾನರು ಎಂದೇ ಕರೆಯುವ ಕೊಳಲು ವಿದ್ವಾಂಸರು ಹಾಡಿನ ಎರಡನೆಯ ಸಾಲು ಮುಗಿಸಲಿಲ್ಲ. ಊಟ ಮುಗಿಸಿ ಕೋಟೆಯ ಕಂಬದ ಹಜಾರಕ್ಕೆ ಮರಳಿದ್ದ ಅತಿಥಿಗಳ ಕಣ್ಣೆದುರೇ ಅವರ ಕೈಯಿಂದ ಕೊಳಲು ಜಾರಿತು. ಮುಖ ಕಪ್ಪಿಟ್ಟಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ ಒದ್ದಾಡಿ ಮಗ್ಗುಲಾಗಿ ಉರುಳಿದರು.

ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿದವರು ಡಾಕ್ಟರತ್ತಿಗೆ. ಪೊಲೀಸರಿಗಾಗಿ ಹೆಣ ಕೊಯ್ದೇ ಅವರ ತಲೆಗೂದಲು ಬೆಳ್ಳಗಾಗಿತ್ತು. ಈಗ ನಿವೃತ್ತಿಯಾಗಿದ್ದರೂ, ಪೊಲೀಸರಿಗೆ ದಿಕ್ಕು ತೋಚದಿದ್ದಾಗ ಅವರ ಮನೆ ಬಾಗಿಲೇ ಗತಿ. ಹಿಂದೆಯೇ ಅವರ ಚೀಲ ಹಿಡಿದುಕೊಂಡು ಓಡಿದವನು ಮೈದುನ, ಶಾಲೆಯಲ್ಲಿ ಭೂಗೋಳ ಹೇಳುವ ಮೇಷ್ಟ್ರು. 'ಡಾಕ್ಟರತ್ತಿಗೆ' ಎಂದು ಅವನು ಕರೆದ ಹೆಸರೇ ಊರವರ ಬಾಯಿಗೆಲ್ಲ ಅಂಟಿಕೊಂಡಿತ್ತು.

"ಹೃದಯಾನಾ ಅತ್ತಿಗೆ?"

"ವಿಷ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೋ."

ಇನ್ಸ್‌ಪೆಕ್ಟರ್ ಬಂದವರೇ ಅಡುಗೆಯವನ ರಟ್ಟೆಗೆ ಕೈ ಹಾಕಿದರು. ಕಾರಣವೂ ಇತ್ತು. ಊಟದ ಮೇಜಿನಲ್ಲಿ ಯಜಮಾನರು ಒಂದು ಚಮಚ ಸಾರು ಬಾಯಿಗಿಟ್ಟು, "ಇದನ್ನ ನಾಯಿಗೆ ಹಾಕು" ಎಂದು ಬಟ್ಟಲನ್ನು ತಳ್ಳಿದ್ದರು. ಅಡುಗೆಯವನ ಮುಖ ಕೆಂಡವಾದದ್ದನ್ನು ಎಲ್ಲರೂ ಕಂಡಿದ್ದರು.

"ನಾನಲ್ಲ ಸ್ವಾಮಿ, ಮಕ್ಕಳಾಣೆ!" ಎಂದು ಅವನು ಗೋಳಾಡಿದ.

ಯಜಮಾನರ ಹೆಂಡತಿ ಕಂಬಕ್ಕೆ ಒರಗಿ ಕಲ್ಲಿನಂತೆ ಕೂತಿದ್ದಳು. ಪಿಟೀಲು ನುಡಿಸುವವಳು ಅವಳಿಗೆ ನೀರಿನ ಲೋಟ ಹಿಡಿದು ನಿಂತಿದ್ದಳು. ಔತಣ ಕೊಟ್ಟ ಕೋಟೆಯ ಒಡತಿ ಮಾತ್ರ ಬಿಕ್ಕುತ್ತಿದ್ದಳು.

ಡಾಕ್ಟರತ್ತಿಗೆ ಮೈದುನನನ್ನು ಫಿರಂಗಿ ಕಿಂಡಿಯ ಪಕ್ಕಕ್ಕೆ ಕರೆದರು. "ಎದುರು ಸಾಲಲ್ಲೇ ಕೂತಿದ್ದೆಯಲ್ಲ, ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳು."

ಅವನು ಹೇಳಿದ. ಊಟಕ್ಕೆ ಮುಂಚಿನ ಕಛೇರಿಯಲ್ಲಿ ಯಜಮಾನರು ಉದ್ದ ಕೊಳಲು ನುಡಿಸಿದರು. ಪಿಟೀಲಿನವಳು ಅದಕ್ಕೆ ಶ್ರುತಿ ಕೂಡಿಸಲು ಬಿರಡೆ ತಿರುಗಿಸಿದ್ದೇ ತಿರುಗಿಸಿದ್ದು, ಜನ ಕೆಮ್ಮತೊಡಗಿದ್ದರು. ಆಮೇಲೆ ಸ್ವಲ್ಪ ಬಿಡುವು, ಊಟ. ಊಟದ ಕೊನೆಗೆ ಹಣ್ಣು ತಿನ್ನುವಾಗ ಒಡತಿ, ಯಜಮಾನರ ಆ ಪ್ರಸಿದ್ಧ ರಚನೆಯನ್ನು ಈ ಸಲ ಮೋಟು ಕೊಳಲಲ್ಲಿ ನುಡಿಸಬೇಕೆಂದು ಕೇಳಿದಳು. ಮೋಟು ಕೊಳಲು ಪೆಟ್ಟಿಗೆಯಲ್ಲಿ ಸದಾ ಇದ್ದರೂ ಅದನ್ನು ಕಛೇರಿಯಲ್ಲಿ ಮುಟ್ಟದ ಯಜಮಾನರು ಮುಖ ಹುಳ್ಳಗೆ ಮಾಡಿದರು, ಆದರೆ ಮೇಜಿಗೆ ಮೇಜೇ ಚಪ್ಪಾಳೆ ತಟ್ಟಿದ ಮೇಲೆ ಒಪ್ಪದೆ ವಿಧಿಯಿರಲಿಲ್ಲ. ಎಲ್ಲರೂ ಒಟ್ಟಿಗೇ ಎದ್ದು ಬಂದರು. ಅವರು ಪೆಟ್ಟಿಗೆಯಿಂದ ಮೋಟು ಕೊಳಲು ತೆಗೆದರು, ಪಿಟೀಲಿನವಳು ಕಮಾನು ಎತ್ತಿದಳು, ಶುರುವಾಯಿತು.

"ಕಮಾನು ಎತ್ತಿದಳು, ಶುರುವಾಯಿತು. ಅಷ್ಟೇನಾ?"

"ಅಷ್ಟೇ."

ಅತ್ತಿಗೆ ಕರವಸ್ತ್ರದಲ್ಲಿ ಮೋಟು ಕೊಳಲನ್ನು ಎತ್ತಿ ಅದರ ಬಾಯನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಎಲ್ಲರನ್ನೂ ಊಟದ ಕೋಣೆಗೆ ಕರೆಸಿದರು. ಅದು ಹಿಂದೆ ಫಿರಂಗಿಯ ಮದ್ದುಗುಂಡು ಇಡುವ ಮನೆಯಾಗಿದ್ದ, ಕಿಟಕಿಯಿಲ್ಲದ ದಪ್ಪ ಗೋಡೆಯ ಕೋಣೆ.

"ಅಡುಗೆಯವನನ್ನ ಬಿಡಿ ಇನ್ಸ್‌ಪೆಕ್ಟರೇ. ನಾವೆಲ್ಲ ಒಂದೇ ಪಾತ್ರೆಯಿಂದ ತಿಂದಿದ್ದೀವಿ. ಅದೂ ಅಲ್ಲದೆ, ಕ್ಷಣದಲ್ಲಿ ಕೊಲ್ಲೋ ವಿಷ ಸಾರಿನಿಂದ ಹಿಡಿದು ಹಾಡಿನ ಎರಡನೇ ಸಾಲಿನ ತನಕ ಕಾಯ್ತಾ ಕೂರಲ್ಲ. ಮೋಟು ಕೊಳಲಿನ ಬಾಯಿಗೆ ಅಂಟಂಟಾಗಿ ಏನೋ ಬಳಿದಿದೆ. ಉದ್ದ ಕೊಳಲಿಗೆ ಇಲ್ಲ."

"ಅದನ್ನ ಯಾರು ಬೇಕಾದರೂ ಯಾವಾಗ ಬೇಕಾದರೂ ಬಳೀಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ನಿಜ. ಅದಕ್ಕೇ ಯಾರು ಬಳಿದರು ಅಂತ ನಾನು ಹುಡುಕಲಿಲ್ಲ. ಅವರು ಮುಟ್ಟದ ಆ ಕೊಳಲನ್ನ ಇವತ್ತು ಎತ್ತಿಕೊಳ್ತಾರೆ ಅಂತ ಯಾರಿಗೆ ಮೊದಲೇ ಗೊತ್ತಿತ್ತು, ಅದನ್ನ ಹುಡುಕಿದೆ." ಅತ್ತಿಗೆ ಪಿಟೀಲಿನವಳ ಕಡೆ ತಿರುಗಿದರು. "ಕೊಳಲು ಬದಲಾದರೆ ಶ್ರುತಿಯೂ ಬದಲಾಗುತ್ತೆ, ಅಲ್ವೇನಮ್ಮ? ಊಟ ಆದಮೇಲೆ ನೀನು ಬಿರಡೆ ಮುಟ್ಟಲೇ ಇಲ್ಲ. ಆದರೂ ನಿನ್ನ ಪಿಟೀಲು ಮೋಟು ಕೊಳಲಿಗೆ ಸರಿಯಾಗಿ ಕೂಡಿಕೊಳ್ತು."

"ಊಟ ಮುಗಿಸಿ ಬಂದವಳೇ ಕೂಡಿಸಿಕೊಂಡೆ."

"ಊಟ ಮುಗಿಸಿ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದವಳು ನೀನೇ ತಾನೇ? ಪಿಟೀಲು ಆಗ ವೇದಿಕೆ ಮೇಲಿತ್ತು, ನೀನು ಹೋಗಿ ಕೂತವಳೇ ಕಮಾನು ಎತ್ತಿದೆ. ನೀನು ಕೂಡಿಸಿದ್ದು ಊಟಕ್ಕೆ ಮುಂಚೆ, ಬಿಡುವಿನಲ್ಲಿ. ಮೋಟು ಕೊಳಲಿನ ಮಾತು ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ."

ಒಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇವಳೇ ನನಗೆ ಹೇಳಿಕೊಟ್ಟಿದ್ದು! ಹಾಗೆ ಕೇಳಿ, ಅವರಿಗೆ ಖುಷಿಯಾಗುತ್ತೆ, ನನ್ನ ಹೆಸರು ಮಾತ್ರ ಎತ್ತಬೇಡಿ ಅಂದಳು."

ಪಿಟೀಲಿನವಳು ನೀರಿನ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನನ್ನ ತಮ್ಮ ಅವರ ಶಿಷ್ಯ. ಆ ರಚನೆ ಅವನದು, ಮೋಟು ಕೊಳಲಿಗೆ ಅಂತಲೇ ಕಟ್ಟಿದ್ದು. ಇವರು ಅದನ್ನ ಉದ್ದ ಕೊಳಲಿಗೆ ಇಳಿಸಿ ತಮ್ಮದು ಅಂದರು. ಕೇಳೋಕೆ ಹೋದವನನ್ನೇ ಕಳ್ಳ ಅಂತ ಡಂಗುರ ಸಾರಿದರು. ಅವನು ಅನ್ನ ನೀರು ಬಿಟ್ಟು ಕೊರಗಿ ಕೊರಗಿ ಸತ್ತ. ನಾನು ಇನ್ನಾರದೋ ಮಗಳು ಅಂತ ಹೇಳಿಕೊಂಡು ಇವರ ಪಕ್ಕವಾದ್ಯಕ್ಕೆ ಸೇರಿದೆ. ಅವನ ಹಾಡಿಗೆ ಇವರು ಕೈ ಮುಗಿದು ಚಪ್ಪಾಳೆ ತಗೊಳ್ಳೋವಾಗೆಲ್ಲ ಹಲ್ಲು ಕಚ್ಚಿಕೊಂಡು ನುಡಿಸಿದೆ. ಬರೀ ಸತ್ತರೆ ಸಾಲದಾಗಿತ್ತು. ಅವನ ಹಾಡಿನಲ್ಲೇ, ಅವನು ಕಟ್ಟಿದ ಹಾಗೇ ನುಡಿಸ್ತಾ ಉಸಿರು ನಿಲ್ಲಬೇಕಿತ್ತು. ನಿಂತಿತು."

ಆ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ.

"ಈ ಬಡಪಾಯಿ ಅಡುಗೆಯವನ ಕೈಗೆ ಕೋಳ ಬೀಳೋದರಲ್ಲಿದ್ದಾಗ ನೀನು ಸುಮ್ಮನೆ ನೋಡ್ತಾ ನಿಂತಿದ್ದೆ," ಎಂದರು ಅತ್ತಿಗೆ. ಅವಳು ತಲೆ ತಗ್ಗಿಸಿದಳು. "ಇನ್ನೊಂದು ಕೇಳು. ಆ ಹಾಡು ನಿನ್ನ ತಮ್ಮನದು ಅಂತ ಈಗ ಹೇಳೋರು ಯಾರು? ಹೇಳಬಹುದಾಗಿದ್ದ ಒಂದೇ ಒಂದು ಬಾಯನ್ನ ನೀನೇ ಮುಚ್ಚಿಬಿಟ್ಟೆಯಲ್ಲ."

"ಒಂದೇ ಅಲ್ಲ."

ಅಷ್ಟು ಹೊತ್ತೂ ತುಟಿ ಬಿಚ್ಚದ ಯಜಮಾನರ ಹೆಂಡತಿ ಮಾತಾಡಿದ್ದಳು. "ಆ ಹುಡುಗ ಅದನ್ನ ಮೊದಲು ನುಡಿಸಿದ್ದು ನಮ್ಮ ಮನೆ ಜಗಲಿ ಮೇಲೆ. ನಾನು ಬಾಗಿಲಲ್ಲೇ ನಿಂತು ಕೇಳಿದ್ದೆ. ನಾಳೆ ನ್ಯಾಯಾಲಯದಲ್ಲಿ ಹೇಳ್ತೀನಿ."

ಪಿಟೀಲಿನವಳು ತಲೆ ಎತ್ತಿದಳು. ಹೇಳಿದವಳ ಮುಖವನ್ನು ಮೊದಲ ಸಲ ಕಂಡವಳಂತೆ ನೋಡುತ್ತಾ ನಿಂತಳು.

"ನಿಮಗೆ ಗೊತ್ತಿತ್ತಾ? ಅವನು ಬದುಕಿದ್ದಾಗಲೂ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ."

ಇನ್ಸ್‌ಪೆಕ್ಟರ್ ಪಿಟೀಲಿನವಳ ಕೈಗೆ ಕೋಳ ತೊಡಿಸಿದರು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅವಳ ಕಣ್ಣೆಲ್ಲ ಆ ಹೆಂಗಸಿನ ಮೇಲಿತ್ತು.

"ಹಾಗಾದರೆ ಆ ನೀರಿನ ಲೋಟಕ್ಕೂ ಒಂಚೂರು ಹಾಕಬೇಕಿತ್ತು," ಎಂದಳು.