ಹತ್ತಿಯಲ್ಲಿ ಉಳಿದ ಗುಳಿ

ಸಾವಿನ ಮನೆಗೆ ಬಂದವರೆಲ್ಲ ಹೊರಟುಹೋಗಿದ್ದರು. ಗಂಡಸರು ಸುತ್ತ ಕೂತು ಮೈ ಕಾಯಿಸಿಕೊಂಡ ಬೆಂಕಿಯ ಬೂದಿ ಅಂಗಳದಲ್ಲಿ ಹಾಗೇ ಇತ್ತು. ಕಸೂಬಾ ಅದನ್ನು ಗುಡಿಸಿದಳು.

ಒಳಗೆ ಗುಡಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಸತ್ತ ಗಂಡನ ಕಡೆಯವರು ಸೋಫಾ, ಫ್ರಿಜ್, ಮಂಚ ಎಲ್ಲವನ್ನೂ ಲಾರಿಗೆ ಏರಿಸಿಕೊಂಡು ತಮ್ಮ ಊರು ಚಿಪಾಟಾಕ್ಕೆ ಹೋಗಿದ್ದರು. ಕಿಟಕಿಯಲ್ಲಿದ್ದ ಹಸಿರು ಕಲ್ಲನ್ನು ಅವನ ಚಿಕ್ಕಪ್ಪ ಎತ್ತಿ ನೋಡಿ, "ಬರೀ ಕಲ್ಲು" ಎಂದು ಅಲ್ಲೇ ಇಟ್ಟಿದ್ದ. ಅಪಘಾತದ ಜಾಗದಿಂದ ಪೊಲೀಸರು ತಂದುಕೊಟ್ಟ ಚೀಲವನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ರಕ್ತವಿತ್ತು.

ನೆರೆಯವರು ಇಟ್ಟುಹೋದ ತಣ್ಣಗಿನ ನ್ಶಿಮಾ ಮುದ್ದೆಯನ್ನು ನಿಂತೇ ತಿಂದಳು. ತಲೆಗೆ ಬಟ್ಟೆ ಕಟ್ಟಿ, ಮಿನಿಬಸ್ ಹತ್ತಿ ಕೆಲಸಕ್ಕೆ ಹೋದಳು.

ತಾಮ್ರದ ಗಣಿಗಳ ಊರಾದ ಕಿಟ್ವೆಯ ಕಾಲೇಜೊಂದರ ಹಿಂಭಾಗದಲ್ಲಿತ್ತು ಆ ಖನಿಜಗಳ ಕೋಣೆ. ಗೆದ್ದಲು ಅಲ್ಲಿನ ಚೀಟಿಗಳನ್ನೆಲ್ಲ ತಿಂದುಹಾಕಿ, ಹೆಸರಿಲ್ಲದ, ಊರಿಲ್ಲದ ಕಲ್ಲುಗಳನ್ನಷ್ಟೇ ಬಿಟ್ಟಿತ್ತು. ಕೈಯಲ್ಲಿ ತೂಗಿ, ಗೀರಿ, ಆಮ್ಲದ ಹನಿ ಹಾಕಿ, ಬೆನ್ನಿಗಂಟಿದ ಮಣ್ಣು ನೋಡಿ ಯಾವುದು ಎಲ್ಲಿಯದೆಂದು ಹೇಳುವುದು ಅವಳ ಕೆಲಸ.

ಗಂಡ ಯೋತಾಮು ಮೊದಲು ಸಿಕ್ಕಿದ್ದೂ ಇದೇ ಕೋಣೆಯಲ್ಲಿ. ಆವತ್ತು ಅವಳು ಬಾಗಿಲು ತೆಗೆದರೆ ಉದ್ದನೆಯ ಹುಡುಗನೊಬ್ಬ ಸಂಗ್ರಹದ ಕಲ್ಲನ್ನು ನೆಕ್ಕುತ್ತಾ ನಿಂತಿದ್ದ.

"ಕಳ್ಳ ಅಂದ್ಕೊಂಡೆ. ಹಸಿದು ಬಂದವರಾ ನೀವು?"

"ಒದ್ದೆಯಾದ್ರೆ ಬಣ್ಣ ಕಾಣುತ್ತೆ ಮೇಡಂ. ಗುಡ್ಡದಲ್ಲಿ ಕಲ್ಲು ಹುಡುಕೋವಾಗ ನೀರೆಲ್ಲಿ ಸಿಗುತ್ತೆ? ಅದೇ ಅಭ್ಯಾಸ."

"ಇದು ಗುಡ್ಡ ಅಲ್ಲ. ನಲ್ಲಿ ಅಲ್ಲಿದೆ. ಮತ್ತೆ, ನೀವು ನೆಕ್ಕಿದ್ದು ಸೀಸದ ಅದಿರು."

ನಲ್ಲಿಯ ಕಡೆ ಓಡುವುದು ಬಿಟ್ಟು ಅವನು ಅವಳ ಕಣ್ಣನ್ನೇ ನೋಡಿದ. "ಸಾಯೋಕೆ ಮುಂಚೆ ಟೀ ಕುಡಿಯೋಷ್ಟು ಟೈಮ್ ಇದೆಯಾ? ನಿಮ್ಮ ಜೊತೆ?"

ಅವಳು ನಕ್ಕಿದ್ದಳು. ಈಗ ಆ ನಗು ಬೇರೆ ಯಾರದೋ ಅನಿಸಿತು.

ಮದುವೆಗೆ ಕೇಳುವಾಗ ಅವನು ಉಂಗುರದ ಬದಲು ಹಸಿರು ಕಲ್ಲು ತಂದಿದ್ದ. "ಸೊಲ್ವೇಜಿಯ ಹಳೇ ಗಣಿ ಗುಂಡಿಯಿಂದ ನಾನೇ ಒಡೆದು ತಂದೆ. ನಿನಗೋಸ್ಕರ."

ಅವಳು ಕಲ್ಲನ್ನು ತಿರುಗಿಸಿ ನೋಡಿದ್ದಳು. ಕೊಯ್ದ ಮರದಲ್ಲಿ ಕಾಣುವಂಥ ಸುತ್ತುಗಳು, ಹಸಿರೊಳಗೆ ಹಸಿರು. ಆ ಗುಂಡಿಯ ಕಲ್ಲಿನಲ್ಲಿ ಹಸಿರು ಪಾಚಿಯಷ್ಟು ತೆಳ್ಳಗಿರುತ್ತದೆ. ಇದು ಗಡಿಯಾಚೆಯ ಕಟಾಂಗಾದ್ದು. ಎಲ್ಲೋ ಕೊಂಡು ತಂದಿದ್ದಾನೆ. ಅವನ ಮುಖ ನೋಡಿದಳು. "ಆಯ್ತು" ಎಂದಳು, ಅಷ್ಟೇ.

"ಬಂದೆಯಾ ಮೊಮ್ಮಗಳೇ?" ಕೋಣೆಯ ಕಾವಲಿನ ಮುದುಕ ಕಪೆಂಬ್ವಾ ಕುರ್ಚಿ ಸರಿಸಿದ. "ಇಲಿ ತಿನ್ನೋರು ನಿನಗೇನಾದ್ರೂ ಬಿಟ್ಟುಹೋದ್ರಾ?"

ಕಪೆಂಬ್ವಾ ಅವಳ ಹಾಗೆ ಬೆಂಬಾ, ಯೋತಾಮು ಙೋನಿ. ಈ ಎರಡು ಕುಲದವರು ಹೆಣದ ಮುಂದೆಯೂ ಒಬ್ಬರನ್ನೊಬ್ಬರು ಇಲಿ ತಿನ್ನೋರು, ಕೋತಿ ತಿನ್ನೋರು ಎಂದು ಗೇಲಿ ಮಾಡಬಹುದು, ಮಾಡಲೇಬೇಕು. ಮಣ್ಣು ಮಾಡಿದ ದಿನ ಮುದುಕ ಗುಂಡಿಯ ಅಂಚಿನಲ್ಲಿ ಉದ್ದಕ್ಕೆ ಮಲಗಿಬಿಟ್ಟಿದ್ದ. "ಈ ಇಲಿತಿನ್ನ ನನ್ನದೊಂದು ವಾಪಸ್ ಕೊಡಬೇಕು! ಕೊಡೋವರೆಗೂ ಇವನನ್ನ ಇಳಿಸಬೇಡಿ!" ಅಳುತ್ತಿದ್ದವರೆಲ್ಲ ನಕ್ಕಿದ್ದರು. "ಏಳೋ ಕೋತಿ ತಿನ್ನೋನೇ" ಎಂದು ಯೋತಾಮುವಿನ ಚಿಕ್ಕಪ್ಪ ಅವನನ್ನು ಕಾಲು ಹಿಡಿದು ಎಳೆದುಹಾಕಿದ್ದ.

ಕಸೂಬಾ ಇನ್ನೂ ತೆರೆಯದಿದ್ದ ಕೆಳಗಿನ ಡ್ರಾಯರ್ ಎಳೆದಳು. ಹತ್ತಿಯ ಹಾಸಿನ ಮೇಲೆ ಕಲ್ಲುಗಳು ಸಾಲಾಗಿದ್ದವು. ಒಂದು ಜಾಗ ಖಾಲಿ. ಅಲ್ಲಿ ಗುಳಿಯಷ್ಟೇ ಉಳಿದಿತ್ತು, ಒಂದು ಬದಿ ಗುಂಡಗೆ, ಇನ್ನೊಂದು ಬದಿ ಮುರಿದ ಹಾಗೆ. ಬೆರಳಿಟ್ಟು ನೋಡಿದಳು. ಆ ಆಕಾರ ಅವಳ ಅಂಗೈಗೆ ಗೊತ್ತಿತ್ತು.

"ಅಜ್ಜ, ಗುಂಡಿ ಹತ್ರ ನೀವು ಅಂದದ್ದು ತಮಾಷೆಗಲ್ಲ, ಅಲ್ವಾ?"

ಮುದುಕ ಟೋಪಿ ತೆಗೆದ. "ತಮಾಷೆ ಮಾಡೋ ಜಾಗದಲ್ಲಿ ನಿಜ ಹೇಳಿದೆ. ನಿನ್ನ ಮುಂದೆ ಬಂದು ಹೇಗೆ ಕೇಳ್ಲಿ?"

"ಹೇಳಿ."

"ಸೊಲ್ವೇಜಿ ಗುಂಡಿಯೆಲ್ಲ ತಡಕಿದ್ರೂ ಅವನಿಗೆ ಒಳ್ಳೇದು ಸಿಕ್ಕಿರಲಿಲ್ಲ. ಈ ಡ್ರಾಯರಿನ ಕಲ್ಲು ಒಂದು ದಿನಕ್ಕೆ ಕೊಡಿ ಅಜ್ಜ, ಅವಳಿಗೆ ತೋರಿಸಿ ತರ್ತೀನಿ ಅಂದ. ಮಾರನೇ ದಿನ ಬರಿಗೈಯಲ್ಲಿ ಬಂದ. 'ಅವಳು ಕಲ್ಲು ತಿರುಗಿಸಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಯ್ತು. ಆದ್ರೂ ಆಯ್ತು ಅಂದಳು. ಈಗ ಹೇಗೆ ಕಿತ್ಕೊಳ್ಳಲಿ?' ಅಂತ ಇಲ್ಲೇ ಕೂತು ಅತ್ತ."

ಕಸೂಬಾ ಡ್ರಾಯರಿನ ಅಂಚು ಹಿಡಿದುಕೊಂಡಳು.

"ಮೊನ್ನೆ ಸಂಗ್ರಹದ ತಪಾಸಣೆ ಬಂತು ಅಂತ ಅವನಿಗೆ ಹೇಳಿದೆ. ಅದಕ್ಕಿಂತ ಚೆಂದದ್ದು ತಂದು ಇಲ್ಲಿಡ್ತೀನಿ, ಅವಳದ್ದು ಅವಳ ಹತ್ರಾನೇ ಇರಲಿ ಅಂತ ಸೊಲ್ವೇಜಿಗೆ ಹೋದ." ಆ ರಸ್ತೆಯಲ್ಲೇ ಅವನು ಸತ್ತದ್ದು.

ಅವಳು ಮನೆಗೆ ಹೋಗಿ ಚೀಲ ಬಿಚ್ಚಿದಳು. ಸುತ್ತಿಗೆ, ಒಂದು ಅಂಗಿ, ಕಂದು ಬಣ್ಣದ ಒಂದು ಕಲ್ಲು. ಬೇರೆ ಯಾರಾದರೂ ಆಗಿದ್ದರೆ ಅದನ್ನು ರಸ್ತೆಗೆ ಎಸೆಯುತ್ತಿದ್ದರು. ಅವಳು ಅದನ್ನು ಬಾಯಿಯ ಹತ್ತಿರ ತಂದು ನೆಕ್ಕಿದಳು. ಧೂಳಿನಡಿಯಿಂದ ಹಸಿರು ಮೇಲೆ ಬಂತು, ತೆಳ್ಳಗೆ, ಪಾಚಿಯಂತೆ. ಬೆಳಕಿಗೆ ಹಿಡಿದು ನೋಡುತ್ತಿದ್ದಂತೆ ಒಣಗಿ ಮತ್ತೆ ಕಂದಾಯಿತು. ಮತ್ತೆ ನೆಕ್ಕಿದಳು.

ಮಧ್ಯಾಹ್ನ ಕಿಟಕಿಯಲ್ಲಿದ್ದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಾಲೇಜಿಗೆ ವಾಪಸ್ ಬಂದಳು. ಹೊಸ ಚೀಟಿ ತೆಗೆದು ಖನಿಜದ ಹೆಸರು ಬರೆದಳು. ಊರಿನ ಜಾಗದಲ್ಲಿ ಪೆನ್ನು ನಿಂತಿತು.

"ಸೊಲ್ವೇಜಿ ಅಂತಾನೇ ಬರಿ," ಕಪೆಂಬ್ವಾ ಮೆಲ್ಲಗೆ ಹೇಳಿದ. "ಅವನು ಹೇಳಿದ್ದೇ ಉಳೀಲಿ. ಯಾರು ಬಂದು ಕೇಳ್ತಾರೆ?"

ಅವಳು ಕಟಾಂಗಾ ಎಂದು ಬರೆದಳು.

"ಸೊಲ್ವೇಜಿದು ನನ್ನ ಹತ್ರ ಇದೆ, ಅಜ್ಜ."

ಕಲ್ಲನ್ನು ಗುಳಿಯ ಮೇಲೆ ಹಿಡಿದಳು. ತಿರುಗಿಸಬೇಕಾಗಲಿಲ್ಲ. ಅದು ತಾನಾಗಿ ಕೂತಿತು. ಬೆರಳುಗಳನ್ನು ಮಾತ್ರ ಒಂದೊಂದಾಗಿ ಬಿಡಿಸಬೇಕಾಯಿತು.

"ಒಂದು ದಿನಕ್ಕೆ ಅಂತ ತಗೊಂಡಿದ್ದ. ತಡವಾಯ್ತು."

ಮುದುಕ ಟೋಪಿ ಹಾಕಿಕೊಂಡ.

"ಆಯ್ತು ಮೊಮ್ಮಗಳೇ, ವಾಪಸ್ ಬಂತು. ಇನ್ನು ಆ ಇಲಿತಿನ್ನನನ್ನ ಇಳಿಸಬಹುದು."

ಅವಳು ಎರಡೂ ಕೈಯಿಂದ ಡ್ರಾಯರನ್ನು ಒಳಗೆ ತಳ್ಳಿದಳು.